ಹುಲಿಗಿಯ ಅಳತೆ

ಹುಟ್ಟಿದಾಗ ನಾನು ಅರವತ್ತು ಇಂಚು ಇದ್ದೆ. ಈಗ ಐವತ್ತೆಂಟು. ಮನುಷ್ಯರು ಮುಪ್ಪಿನಲ್ಲಿ ಕುಗ್ಗುತ್ತಾರಂತೆ. ನಾನು ಹರೆಯದಲ್ಲೇ ಕುಗ್ಗಿದವನು. ಬಟ್ಟೆ ಹೊಲಿಯುವವರ ಟೇಪು ನಾನು. ಪುಸ್ತಕದವರು ಅಳತೆಪಟ್ಟಿ ಅನ್ನುತ್ತಾರೆ, ಅನ್ನಲಿ ಬಿಡಿ. ನನ್ನನ್ನು ಕೊರಳಿಗೆ ಹಾಕಿಕೊಂಡವರು ಯಾರೂ ಹಾಗೆ ಕರೆದದ್ದಿಲ್ಲ.

ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ, ದೇವರಾಣೆ ನೆನಪಿಲ್ಲ. ನೆನಪಿರುವುದು ಬಿಸಿ ಬಿಸಿ ರೋಲರು, ಮೈಗೆ ಬಳಿದ ಹಳದಿ ಬಣ್ಣ, ಆಮೇಲೆ ಚಟಪಟನೆ ಬಿದ್ದ ಕರಿ ಅಂಕಿಗಳು. ಒಂದರಿಂದ ಅರವತ್ತರವರೆಗೆ ಮೈಮೇಲೆ ಬರೆಸಿಕೊಂಡೇ ಹುಟ್ಟಿದವನಿಗೆ ಜಂಬ ಬರದೆ ಇರುತ್ತದೆಯೇ? ಹನ್ನೊಂದು ಜನ ಅಣ್ಣತಮ್ಮಂದಿರ ಜೊತೆ ಒಂದೇ ಡಬ್ಬಿಯಲ್ಲಿ ಸುರುಳಿಯಾಗಿ ಮಲಗಿ ಹುಬ್ಬಳ್ಳಿಗೆ ಬಂದೆ. ದುರ್ಗದಬೈಲಿನಲ್ಲಿ ಗುಂಡಿ, ದಾರದುಂಡೆ, ಲೇಸು ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಮೊಳೆಗೆ ತೂಗುಬಿದ್ದೆ.

ನನ್ನನ್ನು ಕೊಂಡವನು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಶಿವಪುತ್ರಪ್ಪ. ಹೆಂಡತಿ ನೀಲಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು, ಅವಳಿಗಾಗಿ ಟೇಪು ಬೇಕಿತ್ತು. ಆ ಮಹಾರಾಯ ಸುಮ್ಮನೆ ಕೊಳ್ಳುವ ಆಸಾಮಿಯೇ? ಕಿಸೆಯಿಂದ ಉಕ್ಕಿನ ಸ್ಕೇಲು ತೆಗೆದು, ಹನ್ನೆರಡೂ ಟೇಪುಗಳನ್ನು ಕೌಂಟರಿನ ಮೇಲೆ ಉದ್ದಕ್ಕೆ ಮಲಗಿಸಿ, ಒಂದೊಂದನ್ನೇ ತಾಳೆ ನೋಡಿದ. ಅಂಗಡಿಯವನು ಹಣೆ ಹಣೆ ಬಡಿದುಕೊಂಡ. ಕೊನೆಗೆ ಶಿವಪುತ್ರಪ್ಪ ನನ್ನನ್ನು ಎತ್ತಿ, "ಇದೊಂದ ಪ್ರಾಮಾಣಿಕ ಐತಿ ನೋಡ್ರಿ" ಅಂದ. ಆ ಮಾತನ್ನು ಎಷ್ಟೋ ದಿನ ಮೆಲುಕು ಹಾಕಿದೆ.

ನೀಲಕ್ಕ ಹೊಲಿಯುತ್ತಿದ್ದದ್ದು ಬರೀ ಮಕ್ಕಳ ಬಟ್ಟೆ. ಕೂಸುಗಳ ಕುಲಾವಿ, ಜಬಲಾ, ಹುಡುಗಿಯರ ಫ್ರಾಕು, ಲಂಗ, ಹುಡುಗರ ಚಡ್ಡಿ. ದೊಡ್ಡವರು ರವಿಕೆ ತಂದರೆ, "ದೊಡ್ಡವ್ರ ಮೈ ನನಗ ತಿಳಿಯೂದಿಲ್ಲವಾ, ಬ್ಯಾರೆ ಕಡೆ ಕೊಡ್ರಿ" ಎಂದು ಕಳಿಸಿಬಿಡುತ್ತಿದ್ದಳು. ಅವಳ ಕೊರಳಲ್ಲಿ ತೂಗುತ್ತ ನಾನು ಕಂಡದ್ದು ಮುಖ್ಯವಾಗಿ ಅವಳ ಗದ್ದ. ಯೋಚನೆ ಮಾಡುವಾಗ ಅದು ಮುಂದಕ್ಕೆ ಬರುತ್ತಿತ್ತು. ಸಿಟ್ಟು ಬಂದರೆ ನಡುಗುತ್ತಿತ್ತು. ರೈಲ್ವೆ ಕ್ವಾರ್ಟರ್ಸಿನ ಮಕ್ಕಳೆಲ್ಲ ಅವಳ ಮುಂದೆ ಕೈ ಚಾಚಿ ನಿಂತವರೇ. ನಾನು ಕಂಕುಳಿಗೆ ಹೋದರೆ ಸಾಕು, ಕಿಸಕ್ಕನೆ ನಗುತ್ತಿದ್ದವು. ನಗುವ ಮಗುವಿನ ಎದೆಸುತ್ತು ತೆಗೆಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು.

ಎರಡು ಇಂಚು ಹೋದದ್ದು ಇದ್ದಿಲ ಇಸ್ತ್ರಿಯಿಂದ. ಯಾರೋ ಬಾಗಿಲಲ್ಲಿ ಕರೆದರು, ನೀಲಕ್ಕ ಇಸ್ತ್ರಿ ಇಟ್ಟು ಎದ್ದಳು, ಅದು ನನ್ನ ತುದಿಯ ಮೇಲೆ ಕೂತಿತು. ವಾಸನೆ ಬಂದು ಓಡಿ ಬರುವಷ್ಟರಲ್ಲಿ ಒಂದು, ಎರಡು ಎಂಬ ಅಂಕಿಗಳು ಮುದ್ದೆಯಾಗಿದ್ದವು. ಕತ್ತರಿ ತಗೊಂಡು ಕಚಕ್ ಅನ್ನಿಸಿದಳು. ಶಿವಪುತ್ರಪ್ಪ ಮನೆಗೆ ಬಂದು ನೋಡಿ ಕೂಗಾಡಿದ.

"ಇಂಥಾ ಟೇಪು ಹಿಡ್ಕೊಂಡು ನಾವು ಕೆಲಸ ಮಾಡಿದ್ರ ರೈಲು ಹಳಿ ಬಿಟ್ಟು ಹೊಲಕ್ಕ ಹೋಗ್ತೈತಿ! ನಾಳೆ ಹೊಸದು ತರ್ತೇನಿ."

"ಏನೂ ಬ್ಯಾಡ. ಕೈಗೆ ಹೊಂದೈತಿ. ಎರಡು ಕಳದ್ರಾತು" ಅಂದಳು ನೀಲಕ್ಕ.

ಕಳೆದಳು, ಕಳೆಯುತ್ತಲೇ ಹೋದಳು. ಕಣ್ಣು ಇಪ್ಪತ್ನಾಲ್ಕು ಎಂದು ಓದಿದರೆ ಕೈ ಇಪ್ಪತ್ತೆರಡು ಎಂದು ಬರೆಯುತ್ತಿತ್ತು. ಬಟ್ಟೆಯ ಮೇಲೆ ಗುರುತು ಹಾಕುವಾಗ ಅದೇ ಲೆಕ್ಕ ತಿರುಗಮುರುಗ. ಒಂದೆರಡು ವರ್ಷದಲ್ಲಿ ತಾನು ಕಳೆಯುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಯಿತು. ನನಗೂ ಮರೆತಿತ್ತು ಎಂದರೆ ನಂಬುತ್ತೀರಾ?

ಕ್ವಾರ್ಟರ್ಸಿನ ಹೆಂಗಸರು ವರ್ಷಕ್ಕೊಮ್ಮೆ, ಸಾಲೆ ಶುರುವಾಗುವ ಮುಂಚೆ, ಊರಾಚೆಯ ಹೆಣ್ಣುಮಕ್ಕಳ ಆಶ್ರಮಕ್ಕೆ ಫ್ರಾಕು ಹೊಲಿದು ಕೊಡುತ್ತಿದ್ದರು. ಒಂದೇ ತಾನಿನ ನೀಲಿ ಚೌಕಳಿ ಬಟ್ಟೆ, ಇಪ್ಪತ್ತೆಂಟು ಹುಡುಗಿಯರು. ಅಳತೆಗೆ ಹೋಗುವುದು ನೀಲಕ್ಕನ ಪಾಲು. ಆ ವರ್ಷ ಅವಳ ಕಾಲು ಉಳುಕಿತು. ಬದಲಿಗೆ ಹೊರಟವರು ಎದುರುಮನೆಯ ವತ್ಸಲಾಬಾಯಿ. ಅವರ ಟೇಪು ಹೊರಡುವ ಹೊತ್ತಿಗೆ ಕೈಗೆ ಸಿಗಲಿಲ್ಲ.

"ನೀಲಕ್ಕ, ನಿಮ್ಮ ಟೇಪು ಕೊಡ್ರಿ, ಸಂಜಿ ತಂದು ಕೊಡ್ತೀನಿ" ಅಂದರು. ನೀಲಕ್ಕ ಕೊಟ್ಟಳು. ಹೇಳಬೇಕಾದದ್ದು ಏನಾದರೂ ಇದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ವತ್ಸಲಾಬಾಯಿ ನನ್ನ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದರು. ಹೆಂಗಸರು ಅವರವರ ಮನೆಯಲ್ಲಿ, ಅವರವರ ಸರಿಯಾದ ಟೇಪು ಹಿಡಿದು ಕತ್ತರಿಸಿದರು. ಜೂನ್ ತಿಂಗಳಲ್ಲಿ ಆಶ್ರಮದಿಂದ ಸುದ್ದಿ ಬಂತು. ಫ್ರಾಕಿನ ಹೆಗಲು ಹುಡುಗಿಯರ ಹೆಗಲಲ್ಲಿ ನಿಲ್ಲುತ್ತಿಲ್ಲ, ತೋಳು ಬೆರಳಿಗೆ ಬರುತ್ತಿದೆ, ಒಬ್ಬಳಂತೂ ಅಂಚನ್ನು ಕಾಲಿಗೆ ಸಿಕ್ಕಿಸಿಕೊಂಡು ಬಿದ್ದಳಂತೆ. ವತ್ಸಲಾಬಾಯಿ ಕಣ್ಣೀರು ಹಾಕಿಕೊಂಡು ಬಂದರು. "ನಾ ಒಂದಲ್ಲ ಎರಡು ಸಲಾ ನೋಡಿ ಬರದೀನಿ ನೀಲಕ್ಕ, ಹಿಂಗ್ಯಾಕ ಆತು?" ನೀಲಕ್ಕ ನನ್ನನ್ನು ಕೊರಳಿಂದ ತೆಗೆದಳು, ತುದಿ ನೋಡಿದಳು, ಬಾಯಿಗೆ ಸೆರಗು ಹಿಡಿದಳು. "ಅಯ್ಯ ನನ್ನ ಶಿವನ! ಮೂರರಿಂದ ಸುರು ಆಗ್ತೈತಿ ಇದು. ತಪ್ಪು ನಿಮ್ಮದಲ್ಲರಿ, ನನ್ನದು." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನವೇ ಕುಂಟುತ್ತ ಆಶ್ರಮಕ್ಕೆ ಹೋದಳು. ಮೂರು ದಿನ ಅಲ್ಲಿಯ ವರಾಂಡದಲ್ಲಿ ಕೂತು ಹೊಲಿಗೆ ಬಿಚ್ಚಿದಳು, ಮಡಚಿದಳು, ಹೊಲಿದಳು. ಇಪ್ಪತ್ತೇಳು ಫ್ರಾಕು ಸರಿಯಾದವು. ಒಂದು ಮಾತ್ರ ಮಡಿಕೆ ಮುರಿಯದೆ ಬೆಂಚಿನ ಮೇಲೆ ಉಳಿದಿತ್ತು.

"ಅದು ಹುಲಿಗೆಮ್ಮಂದು" ಅಂದರು ಆಶ್ರಮ ನೋಡಿಕೊಳ್ಳುವ ಅಕ್ಕೋರು. "ಟೇಪು ಮೈಗೆ ಮುಟ್ಟಿಸಿಕೊಳ್ಳಲಿಲ್ಲ ಹುಡುಗಿ. ಆ ಬಾಯಾರು ಕಣ್ಣಳತಿಲೇ ಹೊಲಿಸ್ಯಾರ. ಈಗ ಹಾಕ್ಕೊಳ್ಳಾಕೂ ಒಲ್ಲೆ ಅಂತಾಳ."

ನೀಲಕ್ಕ ಆ ಫ್ರಾಕನ್ನು ಬಿಡಿಸಿ, ಕಂಬದ ಹಿಂದೆ ನಿಂತಿದ್ದ ಆರು ವರ್ಷದ ಹುಡುಗಿಯ ಕಡೆ ದೂರದಿಂದಲೇ ಹಿಡಿದು ನೋಡಿದಳು. ಅಳತೆ ತೆಗೆಯದೆ ಹೊಲಿದ ಅದೊಂದೇ ಸರಿಯಾಗಿತ್ತು! ನನಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೇ?

"ಯಾಕವಾ ತಂಗಿ, ಹೊಸ ಅಂಗಿ ಯಾಕ ಒಲ್ಲೆ?"

ಎಲ್ಲರೂ ಹುಲಿಗಿ ಎಂದು ಕರೆಯುತ್ತಿದ್ದ ಆ ಹುಡುಗಿ ತಾನು ತೊಟ್ಟಿದ್ದ ಹಳದಿ ಹೂವಿನ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದು ನಮ್ಮವ್ವ ಕೊಡಿಸಿದ್ದು. ಅಕಿ ಗೋವಾಕ್ಕ ದುಡಿಯಾಕ ಹೋಗ್ಯಾಳ. ಬರ್ತಾಳ. ನಾನೂ ಎಲ್ಲಾರ ಗತೆ ಅಂಗಿ ಹಾಕ್ಕೊಂಡು ನಿಂತ್ರ ಅಕಿಗೆ ನನ್ನ ಗುರ್ತ ಹೆಂಗ ಸಿಗ್ತೈತಿ?"

ಬೇರೆಯವರಾಗಿದ್ದರೆ ಹುಚ್ಚಿ ಎಂದು ನಗುತ್ತಿದ್ದರು. ನೀಲಕ್ಕ ನಗಲಿಲ್ಲ. ಅವಳ ಗದ್ದ ಮುಂದಕ್ಕೆ ಬಂತು. ಆ ಹಳದಿ ಫ್ರಾಕು ಆಗಲೇ ಕಂಕುಳಲ್ಲಿ ಬಿಗಿದಿತ್ತು, ಮೊಣಕಾಲಿನಿಂದ ಮೇಲಕ್ಕೆ ಹೋಗಿತ್ತು.

"ಹಂಗಾರ ಇದನ್ನ ದೊಡ್ಡದು ಮಾಡೂಣೇನು? ಅಂಗಿ ಇದ ಇರ್ತೈತಿ. ನೀ ಬೆಳದಂಗ ಅದೂ ಬೆಳೀತೈತಿ."

ಹುಲಿಗಿ ಬಹಳ ಹೊತ್ತು ಅವಳ ಮುಖ ನೋಡಿ ಕೈ ಚಾಚಿದಳು. ಉಳಿದ ಮಕ್ಕಳ ಹಾಗೆ ನಗಲಿಲ್ಲ. ಎದೆಸುತ್ತು ಇಪ್ಪತ್ತೊಂದು. ಪಕ್ಕೆಲುಬು ಒಂದೊಂದೂ ನನಗೆ ತಾಕಿತು.

ಅಂದಿನಿಂದ ವರ್ಷಕ್ಕೊಮ್ಮೆ ಆ ಫ್ರಾಕು ಬೆಳೆಯಿತು. ಮೊದಲ ಸಲ ಅಂಚು ಬಿಚ್ಚಿ ಇಳಿಸಿದ್ದಾಯಿತು. ಎರಡನೆಯ ಸಲ ಕಂಕುಳಿಗೆ ತುಂಡು ಕೂಡಿಸಿ, ಕೆಳಗೆ ನೀಲಿಯ ಒಂದು ಪಟ್ಟಿ ಹಚ್ಚಿದಳು. ಮೂರನೆಯ ಸಲ ಬೆನ್ನು ಸೀಳಿ ನಡುವೆ ಅಗಲದ ಪಟ್ಟಿ ಸೇರಿಸಿದಳು. ನೀಲಕ್ಕ ಬಂದಳೆಂದರೆ ಹುಲಿಗಿಯದು ಒಂದೇ ಪ್ರಶ್ನೆ. "ಇನ್ನೂ ಗುರ್ತ ಸಿಗ್ತೈತಿ ಅಲ್ಲಾ?" ನೀಲಕ್ಕ ಫ್ರಾಕನ್ನು ಬೆಳಕಿಗೆ ಹಿಡಿದು, ಹಳದಿ ಹೂವು ಕಾಣುವ ಕಡೆ ಬೆರಳಿಟ್ಟು ತೋರಿಸುತ್ತಿದ್ದಳು. ತಾಯಿಯಿಂದ ಮೊದಲ ವರ್ಷ ಒಂದು ಕಾರ್ಡು ಬಂದಿತ್ತು. ಆಮೇಲೆ ಸುದ್ದಿಯೇ ಇಲ್ಲ. "ಬರೂದಿಲ್ಲ ಬಿಡ್ರಿ ಅಕಿ, ನಾ ಎಷ್ಟು ಮಂದೀನ ನೋಡೇನಿ" ಎಂದು ಅಕ್ಕೋರು ಮೆಲ್ಲಗೆ ಅಂದಾಗ ನೀಲಕ್ಕನ ಗದ್ದ ನಡುಗಿತು.

ನಾಲ್ಕನೆಯ ವರ್ಷ ಬಟ್ಟೆ ಸೋತಿತು. ಸೂಜಿ ಹಾಕಿದಲ್ಲೆಲ್ಲ ಪರ್‍ರನೆ ಹರಿಯುತ್ತಿತ್ತು. ನೀಲಕ್ಕ ಸುಳ್ಳು ಹೇಳಲಿಲ್ಲ.

"ಇನ್ನ ಆಗೂದಿಲ್ಲ ಹುಲಿಗಿ. ಬಟ್ಟಿಯೊಳಗ ಜೀವ ಇಲ್ಲ. ಎಲ್ಲಾರ ಗತೆ ನೀಲಿ ಅಂಗಿ ಹೊಲೀತೇನಿ. ಇದರಾಗ ಗಟ್ಟಿ ಇದ್ದಷ್ಟು ತಗದು ಮುಂದ ಎದಿ ಮ್ಯಾಲೆ ಒಂದು ಕಿಸೆ ಹಚ್ಚತೇನಿ. ಬಂದವ್ರಿಗೆ ಮೊದಲ ಅದ ಕಾಣ್ತೈತಿ."

ಹುಲಿಗಿ ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ನಾನು ಕೊರಳಿಂದ ಜಾರಿ ಆ ಹುಡುಗಿಯ ಬೆನ್ನ ಮೇಲೆ ಬಿದ್ದಿದ್ದೆ. ಕೊನೆಗೆ ಅವಳು ಮೂಗೊರೆಸಿಕೊಂಡು, "ಕಿಸೆ ದೊಡ್ಡದಿರಲಿ" ಅಂದಳು.

ಮುಂದಿನ ವರ್ಷದ ಅಳತೆಯ ದಿನ. ಬೇಸಿಗೆ, ಬೆಳಗಿನ ಹತ್ತು ಗಂಟೆ. ವರಾಂಡದಲ್ಲಿ ಗೇಟಿಗೆ ಬೆನ್ನು ಮಾಡಿ ಇಪ್ಪತ್ತೆಂಟು ಹುಡುಗಿಯರು ಸಾಲಾಗಿ ನಿಂತಿದ್ದರು. ಎಲ್ಲರದೂ ಅದೇ ನೀಲಿ ಚೌಕಳಿ. ಹೇನಿನ ಕಾಟಕ್ಕೆ ಎಲ್ಲರ ಕೂದಲನ್ನೂ ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಹಿಂದಿನಿಂದ ನೋಡಿದರೆ ಯಾರು ಯಾರೆಂದು ನನಗೇ ತಿಳಿಯುತ್ತಿರಲಿಲ್ಲ. ಹುಲಿಗಿಯ ಸರದಿ ಬಂದಿತ್ತು. ನೀಲಕ್ಕ ನನ್ನನ್ನು ಅವಳ ಎದೆಗೆ ಸುತ್ತಿ, ಅಂಕಿ ಓದಲು ಬಗ್ಗಿದ್ದಳು.

ಗೇಟು ಕಿರ್ ಅಂದಿತು. ಕೈಯಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು ಅಂಗಳ ದಾಟಿ ಬಂದಳು. ಯಾರನ್ನೂ ಏನೂ ಕೇಳಲಿಲ್ಲ, ಸಾಲಿನ ಆ ತುದಿ ಈ ತುದಿ ನೋಡಲಿಲ್ಲ. ನೆಟ್ಟಗೆ ಬಂದು ಹುಲಿಗಿಯ ಬೆನ್ನಿನ ಮೇಲೆ ಕೈಯಿಟ್ಟಳು.

ನಾನು ಸುತ್ತಿದ್ದ ಹುಲಿಗಿಯ ಎದೆ ಗಕ್ಕನೆ ನಿಂತಿತು. ಆಮೇಲೆ ಉಬ್ಬಿತು, ಒಂದು ಇಂಚು, ಒಂದೂವರೆ. ನೀಲಕ್ಕನ ಬೆರಳಿಂದ ನಾನು ಜಾರಿದೆ.

"ನಾಲ್ಕ ವರ್ಷ ಎಲ್ಲಿ ಹೋಗಿದ್ದೆವಾ ನೀ?" ಎಂದು ಅಕ್ಕೋರು ಒಳಗಿಂದ ಓಡಿ ಬಂದು ರೇಗಿದರು.

"ಬರಿಗೈಲೆ ಬರಾಕ ಮುಖ ಇರಲಿಲ್ರೀ" ಅಂದಳು ಆ ಹೆಂಗಸು, ಹುಲಿಗಿಯನ್ನು ಬಿಡದೆ. "ಈಗ ಒಂದು ಬಾಡಿಗಿ ಖೋಲಿ ಹಿಡದೇನಿ. ಕರ್ಕೊಂಡು ಹೋಗಾಕ ಬಂದೇನಿ."

ಹುಲಿಗಿ ತಿರುಗಿ, ಅಳುತ್ತಲೇ, ಎದೆಯ ಮೇಲಿನ ಕಿಸೆಯನ್ನು ಎಳೆದು ಎಳೆದು ತೋರಿಸಿದಳು. "ನೋಡವ್ವಾ, ಇಲ್ಲೇ ಐತಿ. ನೀ ಕೊಡಿಸಿದ ಅಂಗಿದು. ಒಗದಿಲ್ಲ ನಾ."

ತಾಯಿ ಕಿಸೆಯನ್ನು ನೋಡಿದಳು. ಮಗಳ ಮುಖ ನೋಡಿದಳು. "ಯಾವ ಅಂಗಿ?"

"ಹಳದಿದು. ಗೋವಾಕ್ಕ ಹೋಗೂ ಮುಂದ ಕೊಡಿಸಿದ್ದೆಲ್ಲಾ, ಹೂವಿಂದು!"

"ನನಗ ನೆನಪಿಲ್ಲವಾ."

ಹುಲಿಗಿ ಕಿಸೆಯಿಂದ ಕೈ ತೆಗೆಯಲಿಲ್ಲ. "ಮತ್ತ... ನನ್ನ ಗುರ್ತ ಹೆಂಗ ಹಿಡದಿ? ನಾ ಆ ಕಡೆ ಮುಖಾ ಮಾಡಿದ್ದೆ."

ಆ ಹೆಂಗಸಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಹೆಂಗ ಅಂದ್ರ? ನೀ ಅಲ್ಲೇನು?"

ನೀಲಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು, ನಕ್ಕಳೋ ಅತ್ತಳೋ, ಎರಡನ್ನೂ ಮಾಡಿದಳು. ಆ ದಿನದ ಪಟ್ಟಿಯಲ್ಲಿ ಹುಲಿಗಿಯ ಹೆಸರಿನ ಮುಂದೆ ಏನೂ ಬರೆಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಹೊರಟುಹೋದರು.

ಆಮೇಲೆಯೂ ಹದಿನಾರು ವರ್ಷ ಮಕ್ಕಳ ಅಳತೆ ತೆಗೆದೆ. ನೀಲಕ್ಕನ ಕಣ್ಣು ಮಂದವಾಯಿತು, ನನ್ನ ಅಂಕಿಗಳೂ ಅಳಿಸಿದವು. ಈಗ ಅವಳ ಮಗಳ ಮನೆಯಲ್ಲಿದ್ದೇವೆ. ನೀಲಕ್ಕನ ಸೊಳ್ಳೆ ಪರದೆಯ ಒಂದು ಮೂಲೆಯನ್ನು ಕಿಟಕಿಯ ಸರಳಿಗೆ ಕಟ್ಟಿ ಹಿಡಿದಿರುವವನು ನಾನೇ. ಕೆಲಸ ಸಣ್ಣದು, ಆದರೆ ಅವಳ ಮುಖ ಪೂರ್ತಿ ಕಾಣಿಸುತ್ತದೆ, ಬರೀ ಗದ್ದವಲ್ಲ. ಮಕ್ಕಳನ್ನು ನನ್ನಷ್ಟು ಸರಿಯಾಗಿ ಬಲ್ಲವರು ಯಾರೂ ಇಲ್ಲ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ಎದೆ ಇಷ್ಟು, ಹೆಗಲು ಇಷ್ಟು, ತೋಳು ಇಷ್ಟು ಎಂದು ಇಪ್ಪತ್ತೆಂಟು ಜನರದ್ದನ್ನೂ ಬಾಯಿಪಾಠ ಒಪ್ಪಿಸಬಲ್ಲವನಾಗಿದ್ದೆ. ಗೇಟಿನಿಂದ ಬಂದ ಆ ಹೆಂಗಸಿಗೆ ಇದರಲ್ಲಿ ಒಂದೂ ಬೇಕಾಗಲಿಲ್ಲ.