ಇರಲಿಲ್ಲ, ಗೊತ್ತಿರಲಿಲ್ಲ

ಎರಡೇ ಎರಡು ಅಕ್ಷರಕ್ಕೆ ಮನೆಯಲ್ಲಿ ರಂಪ ಆಯಿತು ಅಂದರೆ ನೀವು ನಂಬಲಿಕ್ಕಿಲ್ಲ. ಆಯಿತು. ಭೌತಶಾಸ್ತ್ರದ ಮೇಷ್ಟ್ರು ಮೂವತ್ತು ವರ್ಷ ಕಾಲೇಜಿನಲ್ಲಿ ಗಂಟಲು ಹರಿದುಕೊಂಡಿದ್ದು ಒಂದೇ ಮಾತಿಗೆ: ಕಣದ ಗುಣವನ್ನು ಅಳೆಯುವ ಮುಂಚೆ ಅದಕ್ಕೆ ಇಂತಿಷ್ಟು ಅನ್ನುವ ಬೆಲೆಯೇ ಇರುವುದಿಲ್ಲ, ಅಳತೆಯೇ ಅದನ್ನು ಹುಟ್ಟಿಸುತ್ತದೆ. ಅದನ್ನೇ ಈಗ ಪುಸ್ತಕ ಮಾಡಿದ್ದರು. ಕರಡು ತಿದ್ದೋಕೆ ಹೆಂಡತಿಗೆ ಕೊಟ್ಟರು. "ಅಳೆಯುವ ಮುನ್ನ ಬೆಲೆ ಇರಲಿಲ್ಲ" ಎಂದಿದ್ದ ಕಡೆಯೆಲ್ಲ ಅವಳು 'ಇ' ಹೊಡೆದುಹಾಕಿ, ಕೆಂಪು ಪೆನ್ಸಿಲಲ್ಲಿ 'ಗೊತ್ತಿ' ಸೇರಿಸಿಟ್ಟಿದ್ದಳು. ಇರಲಿಲ್ಲ ಹೋಗಿ ಗೊತ್ತಿರಲಿಲ್ಲ ಆಗಿತ್ತು. ಹದಿನಾಲ್ಕು ಕಡೆ.

"ಏನೇ ಇದು? ಬೆಲೆ ಮೊದ್ಲೇ ಇತ್ತು, ನಮಗೆ ತಿಳಿದಿರಲಿಲ್ಲ ಅಷ್ಟೇ ಅಂತ ಆಗೋಯ್ತಲ್ಲ. ಮೂವತ್ತು ವರ್ಷದ ಪಾಠ ನೀರಲ್ಲಿ ಹೋಮ."

ಕೂಗಾಡುವಾಗ ತನ್ನ ಕನ್ನಡಕ ಮೂಗಿನ ಮೇಲೆ ಕುಣಿಯುತ್ತದೆ ಅನ್ನುವುದು ಮೇಷ್ಟ್ರಿಗೆ ಗೊತ್ತು. ಅದನ್ನು ನೋಡಲೆಂದೇ ಹುಡುಗರು ಕ್ಲಾಸಿಗೆ ಬರುತ್ತಾರೆ ಅನ್ನುವುದೂ ಗೊತ್ತು. ಸಿದ್ಧಾಂತವನ್ನು ಅವರು ಮನೆಗೂ ತಂದಿದ್ದರು. ತೂಕದ ಯಂತ್ರ ಅಟ್ಟ ಸೇರಿತ್ತು. ಬಿಪಿ ನೋಡಿಸದವನಿಗೆ ಬಿಪಿ ಎಲ್ಲಿಂದ ಬರಬೇಕು ಅಂತ ಡಾಕ್ಟರನ್ನೇ ಕೇಳಿ ಬೈಸಿಕೊಂಡಿದ್ದರು.

ಇನ್ನೊಂದಿತ್ತು, ಅದು ನಗುವ ವಿಷಯ ಅಲ್ಲ. ಗಂಡ ಹೆಂಡತಿ ಒಂದೇ ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದವರು. ಅವಳೇ ಚುರುಕು. ಇವರಿಗೆ ಈ ಊರಲ್ಲಿ ಕೆಲಸ ಸಿಕ್ಕಾಗ ಅವಳು ತನ್ನದನ್ನು ಅರ್ಧಕ್ಕೇ ಬಿಟ್ಟು ಬಂದಳು. ಬೇಜಾರಾಯಿತಾ ಅಂತ ಮೇಷ್ಟ್ರು ಒಂದು ದಿನವೂ ಕೇಳಲಿಲ್ಲ. ಕೇಳದಿದ್ದರೆ ಉತ್ತರವೇ ಇರುವುದಿಲ್ಲವಲ್ಲ. ಎಂಥ ಅನುಕೂಲದ ಸಿದ್ಧಾಂತ ನೋಡಿ.

"ಆ ಪ್ರಯೋಗ ಮರೆತೋಯ್ತಾ?" ಅಂದರು ಮೇಷ್ಟ್ರು. "ಜೋಡಿ ಕಣಗಳನ್ನ ಒಂದೊಂದು ದಿಕ್ಕಿಗೆ ಕಳಿಸಿ ಅಳೆದ್ರಲ್ಲ. ಎರಡೂ ಕಣ ಉತ್ತರ ಜೇಬಲ್ಲಿಟ್ಕೊಂಡೇ ಹೊರಟಿದ್ರೆ ಎರಡರ ಲೆಕ್ಕ ಅಷ್ಟು ತಾಳೆ ಬರೋದೇ ಇಲ್ಲ."

ಹೆಂಡತಿ ಪೆನ್ಸಿಲ್ ಹೆರೆಯುತ್ತಿದ್ದಳು. "ಬರೋದಿಲ್ಲ ನಿಜ ಕಣ್ರೀ. ಆದ್ರೆ ಇಲ್ಲಿ ಅಳೆದಿದ್ದು ಅಲ್ಲಿರೋ ಕಣಕ್ಕೆ ತಟ್ಟೋದಿಲ್ಲ ಅಂತ ಒಪ್ಕೊಂಡ್ರೆ ಮಾತ್ರ. ಆ ಷರತ್ತು ನೀವು ಎಲ್ಲೂ ಬರೆದೇ ಇಲ್ಲ. ಅದಿಲ್ದೆ ಹೋದ್ರೆ, ಗೊತ್ತಿರಲಿಲ್ಲ ಅನ್ನೋಕೂ ಜಾಗ ಇದೆ."

ಮೇಷ್ಟ್ರು ಕರಡನ್ನು ಹಿಂದೆ ಮುಂದೆ ತಿರುವಿದರು. ಷರತ್ತು ನಿಜಕ್ಕೂ ಇರಲಿಲ್ಲ. ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಇದೆಲ್ಲ ನಿಂಗೆ ಇನ್ನೂ ನೆನಪಿದೆಯಾ?"

"ಜರ್ನಲ್ ಮನೆಗೇ ಬರ್ತವಲ್ಲ. ನೀವು ಕಾಲೇಜಿಗೆ ಹೋದ್ಮೇಲೆ ಓದ್ತೀನಿ."

ಇಷ್ಟು ವರ್ಷ, ದಿನಾ, ಈ ಕುರ್ಚಿಯಲ್ಲೇ ಕೂತು ಓದಿದ್ದಾಳೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲ್ಯಾಬ್ ಬಿಟ್ಟು ಬಂದಾಗ ನಿಂಗೆ ಬೇಜಾರಿತ್ತಾ?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ಇತ್ತು. ಎಂಟು ವರ್ಷ ಇತ್ತು. ಇವತ್ತು ಕೇಳ್ತೀಯ, ನಾಳೆ ಕೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದನ್ನ ಬಿಟ್ಟೆ."

ಮದುವೆಯಾದ ಮೇಲೆ ಅವಳ ಬಾಯಲ್ಲಿ ಏಕವಚನ ಬಂದಿದ್ದು ಇದೇ ಮೊದಲು. ಲ್ಯಾಬಿನಲ್ಲಿ ಹಾಗೇ ಮಾತಾಡುತ್ತಿದ್ದಳು.

"ಈಗ?" ಅಂದರು ಮೇಷ್ಟ್ರು, ತಡೆಯಲಾರದೆ.

ಅವಳು ಸುಳ್ಳು ಹೇಳುವವಳಲ್ಲ.

"ಇರಲಿಲ್ಲ ಕಣೋ. ನಿಜವಾಗ್ಲೂ ಇರಲಿಲ್ಲ. ನೀನು ಕೇಳಿದೆ ನೋಡು, ಬಂತು." ಅವಳ ಕಣ್ಣು ತುಂಬಿತ್ತು.

ಮೂವತ್ತು ವರ್ಷ ಹೇಳಿದ ಮಾತಿಗೆ ಇಷ್ಟು ಶುದ್ಧವಾದ ಸಾಕ್ಷಿ ಮೇಷ್ಟ್ರಿಗೆ ಯಾವ ಪ್ರಯೋಗದಲ್ಲೂ ಸಿಕ್ಕಿರಲಿಲ್ಲ. ತಾನು ಹೇಳಿದ್ದೆಲ್ಲ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿ, ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟರು.