ತೇಪೆ ಬೂಟಿನ ಹೆಜ್ಜೆ

ಕಡಲಂಚಿನ ಆ ಊರಿನಲ್ಲಿ ಮಂಜು ಬಂತೆಂದರೆ ಹೆಂಗಸರ ಎದೆ ಧಸಕ್ಕೆನ್ನುತ್ತದೆ. ನೀರು ಇಳಿದಾಗ ಕೆಸರು ಬಯಲಿಗೆ ಹೋಗಿ ಕಪ್ಪೆಚಿಪ್ಪು ಆರಿಸುವುದು ಅವರ ಕೆಲಸ. ಬಯಲಿನಲ್ಲಿ ಗುರುತಿಗೆ ಒಂದು ಮರವಿಲ್ಲ, ಒಂದು ಕಲ್ಲಿಲ್ಲ. ಮಂಜು ಮುಚ್ಚಿತೋ, ದಡ ಯಾವುದು, ಕಡಲು ಯಾವುದು ಎಂದು ದೇವರೇ ಬಂದು ಹೇಳಬೇಕು. ಅಷ್ಟರಲ್ಲಿ ನೀರು ಸದ್ದಿಲ್ಲದೆ ತಿರುಗಿರುತ್ತದೆ.

ಅವರಲ್ಲಿ ದಿಕ್ಕಮ್ಮ ಒಬ್ಬಳು. ಹೆತ್ತವರಿಟ್ಟ ಹೆಸರು ಬೇರೆ. ಕಣ್ಣು ಕಟ್ಟಿ ಬಿಟ್ಟರೂ ತನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾಳೆಂದು ಊರವರು ಇಟ್ಟ ಹೆಸರು ಇದು. ಎರಡು ವರ್ಷದ ಹಿಂದೆ ಮಂಜಿನಲ್ಲಿ ಬಯಲಿಗೆ ಹೋದ ಅವಳ ಗಂಡ ಹಿಂದಿರುಗಲಿಲ್ಲ. ಹೆಣವೂ ಸಿಗಲಿಲ್ಲ. ಮನೆಯಲ್ಲಿ ಉಳಿದದ್ದು ಅವನ ಹಳೆಯ ಗಂಬೂಟು. ಎಡ ಹಿಮ್ಮಡಿಯ ಅಡಿಗೆ ಅವನೇ ಸೈಕಲ್ ಟೈರಿನ ಮೂರು ಮೂಲೆಯ ತೇಪೆ ಅಂಟಿಸಿದ್ದ. ಅಂದಿನಿಂದ ದಿಕ್ಕಮ್ಮ ಬಯಲಿಗೆ ಇಳಿಯುವುದು ಅದೇ ಬೂಟಿನಲ್ಲಿ.

ಒಂದು ದಿನ ಚಿಪ್ಪು ತೊಳೆಯುವ ಶೆಡ್ಡಿನಲ್ಲಿ ಈ ಹೆಂಗಸರ ಸಂಘದ ಸಭೆ ಸೇರಿತ್ತು. ಅವಳ ನಾದಿನಿ ಬಯಲಿನ ಹಕ್ಕಿ ಎಣಿಸುವ ಕೆಲಸದವಳು. ದಾರಿ ತೋರಿಸುವ ತನ್ನ ಕೈ ಜಿಪಿಎಸ್ಸನ್ನು ಎಲ್ಲರ ಮುಂದಿಟ್ಟು, ಸಂಘಕ್ಕೂ ಇಂಥದ್ದು ಕೊಳ್ಳೋಣ ಎಂದಳು.

"ಅದ್ಯಾಕೆ? ಫೋನಲ್ಲೇ ನಕ್ಷೆ ಬರುತ್ತಲ್ಲ," ಎಂದಳು ದಿಕ್ಕಮ್ಮ.

"ಒದ್ದೆ ಕೈಯಲ್ಲಿ ಫೋನು ಒತ್ತಿ ನೋಡಿ ಅತ್ತಿಗೆ, ಹೇಳಿದ ಮಾತೇ ಕೇಳಲ್ಲ. ನೀರಿಗೆ ಬಿತ್ತೋ, ಕಥೆ ಮುಗೀತು. ಇದಕ್ಕೆ ನೀರು ಹೋಗಲ್ಲ. ಗುಂಡಿಗಳಿವೆ, ಕೈಗವಸು ಹಾಕ್ಕೊಂಡೇ ಒತ್ತಬಹುದು. ಸೆಲ್ ಮುಗಿದ್ರೆ ಅಂಗಡಿ ಸೆಲ್ಲೇ ಸಾಕು. ಟವರೂ ಬೇಡ. ನಡೆದ ದಾರಿ ನೆನಪಿಟ್ಕೊಂಡು ಅದೇ ದಾರೀಲಿ ವಾಪಸ್ ಕರ್ಕೊಂಡು ಬರುತ್ತೆ."

"ನನಗೆ ದಾರಿ ಹೇಳೋಕೆ ಒಂದು ಡಬ್ಬಿ ಬೇಕಾ? ನನ್ನ ಕಾಲಿಗೇ ಗೊತ್ತು ಕಣೇ."

"ಅಣ್ಣನ ಕಾಲಿಗೂ ಗೊತ್ತಿತ್ತು," ಎಂದುಬಿಟ್ಟಳು ನಾದಿನಿ.

ದಿಕ್ಕಮ್ಮ ಬುಟ್ಟಿ ಎತ್ತಿಕೊಂಡು ಎದ್ದುಹೋದಳು. ಕೊಳ್ಳುವ ಮಾತು ಅಲ್ಲಿಗೇ ನಿಂತಿತು.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಬಿಸಿಲಿತ್ತು. ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ದಿಕ್ಕಮ್ಮ ತಲೆಯೆತ್ತಿ ನೋಡಿದರೆ ದಡವಿರಲಿಲ್ಲ. ಆಕಾಶ, ಕೆಸರು, ಗಾಳಿ ಎಲ್ಲ ಒಂದೇ ಬೂದಿ ಬಣ್ಣ. ಅವಳು ಹೆದರಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟು, ದಡ ಇದೇ ಎಂದು ಕಾಲು ಹೇಳಿದ ಕಡೆ ನಡೆದಳು.

ತುಂಬ ಹೊತ್ತು ನಡೆದ ಮೇಲೆ ಕೆಸರಿನಲ್ಲಿ ಹೆಜ್ಜೆ ಗುರುತು ಕಂಡಿತು. ಯಾರೋ ಆಗಷ್ಟೇ ಹೋದ ಹಾಗಿತ್ತು. ಬಗ್ಗಿ ನೋಡಿದಳು. ಎಡ ಹಿಮ್ಮಡಿಯಲ್ಲಿ ಮೂರು ಮೂಲೆಯ ತೇಪೆ.

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಎರಡು ವರ್ಷದಿಂದ ತನ್ನ ಕಾಲಲ್ಲೇ ಇರುವ ಬೂಟು ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಗಂಡ ಮಾತ್ರ. ದಾರಿ ತೋರಿಸಲು ಬಂದಿದ್ದಾನೆ ಎಂದುಕೊಂಡು ಹೆಜ್ಜೆಗಳ ಬೆನ್ನು ಹತ್ತಿದಳು.

ಒಂದು ಸಾಲಿದ್ದ ಹೆಜ್ಜೆ ಸ್ವಲ್ಪ ಹೊತ್ತಿಗೆ ಎರಡು ಸಾಲಾಯಿತು. ಎರಡರಲ್ಲೂ ಅದೇ ತೇಪೆ. ಆಮೇಲೆ ಮೂರು ಸಾಲು. ಒಬ್ಬನೇ ಹೋದವನು ಮೂವರಾಗಿ ಮುಂದೆ ಮುಂದೆ ನಡೆಯುತ್ತಿದ್ದ. ಕೆಲವು ಗುರುತುಗಳಲ್ಲಿ ಆಗಲೇ ನೀರು ನಿಂತಿತ್ತು.

"ರೀ... ನಿಲ್ರೀ! ನಾನೂ ಬರ್ತೀನಿ!"

"ಅತ್ತಿಗೇ! ಇದ್ದಲ್ಲೇ ನಿಲ್ಲಿ!"

ಹಕ್ಕಿ ಎಣಿಸಲು ಬಯಲಿಗಿಳಿದಿದ್ದ ನಾದಿನಿ ಕೂಗು ಕೇಳಿ ಮಂಜಿನೊಳಗಿಂದ ಬಂದಳು. "ಯಾರನ್ನ ಕೂಗ್ತಿದ್ರಿ? ಮೈ ಜುಂ ಅಂತು ನನಗೆ."

"ನಿಮ್ಮಣ್ಣ ಕಣೇ. ಇಲ್ಲೇ ಹೋದ್ರು. ನೋಡು, ದಡ ಆ ಕಡೆ."

ನಾದಿನಿ ಕೊರಳಲ್ಲಿ ನೇತಾಡುತ್ತಿದ್ದ ಜಿಪಿಎಸ್ ನೋಡಿದಳು. "ಆ ಕಡೆ ಇರೋದು ಕಡಲು ಅತ್ತಿಗೆ. ದಡ ನಿಮ್ಮ ಬೆನ್ನ ಹಿಂದಿದೆ."

"ನನ್ನಾಣೆಗೂ ಈ ಕಡೇನೇ!"

"ಹಾಗಾದ್ರೆ ಕಾಲೆತ್ತಿ. ಎಡಗಾಲು."

ದಿಕ್ಕಮ್ಮ ಕಾಲೆತ್ತಿದಳು. ಅವಳು ನಿಂತಿದ್ದ ಜಾಗದಲ್ಲಿ ಹೊಸದೊಂದು ಗುರುತು ಬಿದ್ದಿತ್ತು. ಮೂರು ಮೂಲೆಯ ತೇಪೆ. ಇಷ್ಟು ಹೊತ್ತೂ ಅವಳು ಸುತ್ತಿದ್ದಲ್ಲೇ ಸುತ್ತುತ್ತಿದ್ದಳು. ನಾದಿನಿಯ ಸೆರಗಿನ ತುದಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇದರಲ್ಲಿ ಕಾಣೋ ಬಾಣ ಹಿಡಿದು ನೇರ ಹೋದ್ರೆ ನಡುವೆ ಹಳ್ಳ ಇದೆ. ನಾನು ಬಂದ ದಾರಿಯನ್ನೇ ಹಿಡಿಯೋಣ," ಎಂದು ನಾದಿನಿ ಮುಂದೆ ನಡೆದಳು. ನೀರು ಹಿಮ್ಮಡಿ ಮುಟ್ಟಿತು, ಆಮೇಲೆ ಮೊಣಕಾಲು. ಪ್ರತಿ ಹೆಜ್ಜೆಗೂ ದಿಕ್ಕಮ್ಮನ ಮನಸ್ಸು ತಪ್ಪು, ತಪ್ಪು ಎನ್ನುತ್ತಲೇ ಇತ್ತು. ಆದರೂ ನಡೆದಳು. ಕೊನೆಗೆ ದಡದಲ್ಲಿ ದೋಣಿ ಕಟ್ಟುವ ಗೂಟ ಕೈಗೆ ಸಿಕ್ಕಿತು. ಅಲ್ಲಿ ದಿಕ್ಕಮ್ಮನ ಅತ್ತೆ, ನಾದಿನಿಯ ತಾಯಿ, ಕಾಯುತ್ತ ನಿಂತಿದ್ದರು.

"ಇಬ್ಬರೂ ಬಂದ್ರೇನೇ?" ಎಂದು ಮುದುಕಿ ಇಬ್ಬರ ಮುಖವನ್ನೂ ಸವರಿ ನೋಡಿದರು.

ಆಗ ದಿಕ್ಕಮ್ಮನಿಗೆ ಅಳು ಬಂತು. "ಅತ್ತೆ, ಅವರೂ ಅವತ್ತು ಹೀಗೇ ತಮ್ಮ ಹೆಜ್ಜೆ ಹಿಂದೆ ತಾವೇ ಹೋದ್ರೇನೋ." ಮುದುಕಿ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು, "ಸಂಘದವರಿಗೆ ಹೇಳಮ್ಮ, ಜಿಪಿಎಸ್ ತಗೊಳ್ಳಿ ಅಂತ," ಎಂದು ಮಗಳಿಗೆ ಹೇಳಿದರು.

ಈಗ ಸಂಘದಲ್ಲಿ ಎರಡು ಜಿಪಿಎಸ್ ಇವೆ. ಬಯಲಿಗೆ ಇಳಿಯುವ ಮುಂಚೆ ತೆರೆದ ಆಕಾಶದ ಕೆಳಗೆ ನಿಂತು, ಉಪಗ್ರಹ ಸಿಗುವ ತನಕ ಕಾದು, ಅದರಲ್ಲಿ ಗೂಟದ ಜಾಗ ಗುರುತು ಮಾಡುವವಳು ದಿಕ್ಕಮ್ಮನೇ. "ಏನು ದಿಕ್ಕಮ್ಮ, ದಿಕ್ಕು ಸಿಕ್ತಾ?" ಎಂದು ಹೆಂಗಸರು ಕೆಣಕುತ್ತಾರೆ. "ಇರ್ರೇ, ಇನ್ನೂ ಹುಡುಕ್ತಾ ಇದೆ," ಎಂದು ಅವಳು ಯಾರನ್ನೂ ಕದಲಗೊಡುವುದಿಲ್ಲ.

ಕಾಡಿಗೆ, ಬೆಟ್ಟಕ್ಕೆ, ಬಯಲಿಗೆ ಹೋಗಿ ದುಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಗುಂಪಿಗೊಂದು ಜಿಪಿಎಸ್ ಇಟ್ಟುಕೊಳ್ಳಿ. ಕೊಳ್ಳುವಾಗ ಒದ್ದೆ ಕೈಯಲ್ಲಿ ಗುಂಡಿ ಒತ್ತಿ ನೋಡಿ, ಬಿಸಿಲಿಗೆ ಹಿಡಿದು ಪರದೆ ಕಾಣುತ್ತದೆಯೇ ನೋಡಿ. ಬಿಸಿಲಿದ್ದ ದಿನವೇ ನಡೆದು ಅಭ್ಯಾಸ ಮಾಡಿ. ಇನ್ನೊಂದು ಜೊತೆ ಸೆಲ್ ಜೇಬಿನಲ್ಲಿರಲಿ. ಜಿಪಿಎಸ್ ದಾರಿ ತೋರಿಸುತ್ತದೆ, ಸಹಾಯಕ್ಕೆ ಜನರನ್ನು ಕರೆಯುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

ಮಂಜಿನಲ್ಲಿ ಹೆಜ್ಜೆ ಗುರುತು ಕಂಡರೆ ಅದರ ಬೆನ್ನು ಹತ್ತಬೇಡಿ. ಅದು ನಿಮ್ಮದೇ ಇರಬಹುದು.