ಒಣಗಿದರೆ ಕಪ್ಪಾಗುತ್ತದೆ

ಯಂತ್ರದೊಳಗೆ ಡಬ್ಬಿ ಗಡಗಡ ಕುಲುಕುತ್ತಿತ್ತು. ಅದರ ಜೊತೆ ತನ್ನ ಎದೆಯೂ ಕುಲುಕುತ್ತಿದೆ ಅನ್ನಿಸಿ ಮನೀಷಾಳಿಗೆ ನಗು ಬಂತು. ಬಣ್ಣದ ಅಂಗಡಿಯ ಮುಂದೆ ನಿಂತು ಇಷ್ಟು ಹಿಗ್ಗುವವರನ್ನು ಹುಮನಾಬಾದ್ ನೋಡಿರಲಿಕ್ಕಿಲ್ಲ.

"ಇನ್ನೊಮ್ಮಿ ಕೇಳ್ತೀನ್ರಿ ಮೇಡಮ್," ಅಂಗಡಿಯ ಶರಣಕುಮಾರ ಅಂದ. "ಬೆಡ್‌ರೂಮಿಗೇ ಏನ್ರಿ? ಗೇಟಿಗಿ ಅಲ್ಲಲಾ?"

"ಬೆಡ್‌ರೂಮಿಗೇ."

"ನಾಕೂ ಗ್ವಾಡಿಗಿ?"

"ನಾಕೂ."

"ಕಲಸಿದ ಬಣ್ಣ ವಾಪಸ್ ತಗೊಳ್ಳಂಗಿಲ್ರಿ ಮತ್ತ."

"ವಾಪಸ್ ಯಾರು ಕೊಡ್ತಾರ?"

ಅವನು ಮುಚ್ಚಳ ತೆಗೆದು ತೋರಿಸಿದ. ಒಳಗೆ ಬಾವಿಯ ತಳದಂತಹ ಬಣ್ಣ. ಕಾರ್ಡಿನಲ್ಲಿ ಅದಕ್ಕೆ ನಡುರಾತ್ರಿ ಎಂಬರ್ಥದ ಇಂಗ್ಲಿಷ್ ಹೆಸರಿತ್ತು. ಅಂಚಿಗೆ ಸೋರಿದ್ದನ್ನು ಅವನು ಬಟ್ಟೆಯಿಂದ ಒರೆಸಿದ. ಅವಳ ಸೀರೆಗೆ ತಾಗದಿರಲಿ ಎಂದು ಡಬ್ಬಿಗೆ ಹಳೆಯ ಪೇಪರು ಸುತ್ತಿ ದಾರ ಕಟ್ಟಿದ. ಅವಳು ಕೇಳಿರಲಿಲ್ಲ.

ಬಸವಕಲ್ಯಾಣದ ಬಸ್ಸಿನಲ್ಲಿ ಡಬ್ಬಿಯನ್ನು ಪಾದಗಳ ನಡುವೆ ಇಟ್ಟುಕೊಂಡಳು. ಪಕ್ಕದ ಹೆಂಗಸು ತನ್ನ ಬುಟ್ಟಿಯನ್ನು ತೊಡೆಯ ಮೇಲೆತ್ತಿಕೊಂಡು ಜಾಗ ಮಾಡಿಕೊಟ್ಟಳು. ತಿಂಗಳುಗಟ್ಟಲೆ ಮನೀಷಾ ಮೊಬೈಲಿನಲ್ಲಿ ಕೋಣೆಗಳನ್ನು ನೋಡಿದ್ದಳು. ಕಡುಗಪ್ಪು ಗೋಡೆ, ಬಿಳಿ ಚಾದರ, ಮೂಲೆಯಲ್ಲಿ ಒಂದು ಹಿತ್ತಾಳೆಯ ದೀಪ. ಆ ಕೋಣೆಗಳಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹಿಡಿಸಿತ್ತು.

ಮೋರಖಂಡಿಯ ತವರುಮನೆಯಲ್ಲಿದ್ದದ್ದು ಒಂದೇ ಕೋಣೆ. ಅಡಿಗೆ, ಓದು, ಜ್ವರ, ಜಗಳ, ನಿದ್ದೆ ಎಲ್ಲವೂ ಅಲ್ಲೇ. ಪಿಎಚ್.ಡಿ. ಮುಗಿಸಿ ಹುಮನಾಬಾದಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳತೊಡಗಿದ ಮೇಲೂ ಅವಳ ಆಸೆ ಒಂದೇ ಆಗಿತ್ತು. ಬಾಗಿಲು ಹಾಕಿಕೊಂಡರೆ ತಾನು ಯಾರಿಗೂ ಕಾಣಬಾರದು. ಆಮೇಲೆ ತನಗೂ.

ಬೆಳಿಗ್ಗೆ ಮಂಚ ಸರಿಸುವಾಗ ಗಂಡ ಸಮ್ಯಕ ಕೇಳಿದ್ದ: "ಕಾರ್ಡಿನಾಗ ಬ್ಯಾರೆ ಬಣ್ಣ ಇರಲಿಲ್ಲೇನು?"

"ಹೆದರಿಕಿ ಏನು ನಿನಗ?"

"ನನಗ್ಯಾಕ ಹೆದರಿಕಿ?" ಎಂದು ಅವನು ಬೀದರಿನ ಬಸ್ಸಿಗೆ ಹೋಗಿದ್ದ.

ಹೆದರಿಕೆ ಅವನ ಹೆಸರಿನಿಂದಲೇ ಶುರುವಾಗಿತ್ತು. ಬಸವಕಲ್ಯಾಣದ ಈ ಮನೆಯನ್ನು ಬಾಡಿಗೆಗೆ ಕೇಳಲು ಬಂದ ದಿನ ಮಾಲೀಕ ಮಾಣಿಕಪ್ಪ ಹೆಸರು ಕೇಳಿದ್ದರು. "ಸಮ್ಯಕ" ಎಂದಾಗ ಅವರ ಮುಖ ಅರಳಿತ್ತು. "ಜೈನರೇನ್ರಿ! ಪಾಪ, ಸಾತ್ವಿಕ ಮಂದಿ." ಸಮ್ಯಕ ನಕ್ಕಿದ್ದ. ಹೌದು ಅನ್ನಲಿಲ್ಲ. ಬೌದ್ಧರ ಮನೆಗಳಲ್ಲಿಯೂ ಆ ಹೆಸರು ಇಡುತ್ತಾರೆ, ನಮ್ಮಪ್ಪ ಇಟ್ಟದ್ದು ಹಾಗೆ, ಎಂದೂ ಅನ್ನಲಿಲ್ಲ. ಅದಕ್ಕೆ ಮೊದಲು ನೋಡಿದ ಮನೆಗಳೆಲ್ಲ, ಅಪ್ಪನ ಅಡ್ಡಹೆಸರು ಹೇಳಿದ ಕೂಡಲೇ, ಆಗಷ್ಟೇ ಬೇರೆಯವರಿಗೆ ಹೋಗಿಬಿಟ್ಟಿದ್ದವು.

ಅಂದಿನಿಂದ ಕೆಳಗಿನ ಮನೆಯಲ್ಲಿ ಮಾಣಿಕಪ್ಪನವರ ಹೆಂಡತಿ ಲಲಿತಾಬಾಯಿ ಮಾಡಿದ ಪಲ್ಯದಲ್ಲಿ ಇವರಿಬ್ಬರ ಪಾಲು ಬೇರೆಯಾಯಿತು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕಲ್ಲ ಪಾಪ ಎಂದು, ಮೊಣಕಾಲು ನೋವಿನಲ್ಲೂ ಅವಸರದಿಂದ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದರು. ಬಾಗಿಲು ಹಾಕಿಕೊಂಡು ಗಂಡ ಹೆಂಡತಿ ಅದಕ್ಕೆ ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಉಣ್ಣುತ್ತಿದ್ದರು. ಮೊದಮೊದಲು ನಗುತ್ತಿದ್ದರು.

ಗಂಡನಿಗೆ ಹೇಳದ ಮಾತೊಂದು ಅವಳಲ್ಲಿತ್ತು. ಮನೆ ಹೋದರೆ ಹೋಗಲಿ, ಇನ್ನೊಂದು ಸಿಕ್ಕೀತು. ನಿಜ ತಿಳಿದ ಮೇಲೂ ಲಲಿತಾಬಾಯಿ ಪಲ್ಯ ತರುತ್ತಾರೆಯೇ? ತಂದರೂ, ಮುಟ್ಟುವಾಗ ಬೆರಳು ಇಷ್ಟೇ ಬೆಚ್ಚಗಿರುತ್ತದೆಯೇ?

ಮನೆಯಲ್ಲಿ ಪೇಂಟರ ಅಜೀಮುದ್ದೀನ್ ಗೋಡೆ ತಿಕ್ಕಿ ನುಣುಪು ಮಾಡಿ ಕಾಯುತ್ತಿದ್ದ. ಧೂಳು ಕೂಡಬಾರದೆಂದು ಮಾಳಿಗೆಯ ಮೇಲೆ ಲಲಿತಾಬಾಯಿ ಒಣಹಾಕಿದ್ದ ಸಂಡಿಗೆಗೆ ತನ್ನದೇ ಹಳೆಯ ಲುಂಗಿ ಹೊದಿಸಿದ್ದ.

"ತಂದ್ರೇನ್ರಿ ಕತ್ತಲಿ?" ಎಂದು ನಗುತ್ತ ಡಬ್ಬಿ ಇಸಿದುಕೊಂಡ.

ಮೊದಲ ಪಟ್ಟೆ ಗೋಡೆಯ ಮೇಲೆ ಎದ್ದಿತು. ಮನೀಷಾ ಅಂಗೈ ಬಿಗಿಹಿಡಿದು ನೋಡುತ್ತಿದ್ದಳು. ಎರಡನೆಯ ಪಟ್ಟೆ. ಮೂರನೆಯದು. ಅವಳು ಗೋಡೆಯ ಹತ್ತಿರಕ್ಕೆ ಬಂದಳು.

ಡಬ್ಬಿಯಲ್ಲಿ ಕಪ್ಪಗಿದ್ದುದು ಗೋಡೆಯ ಮೇಲೆ ಝಗ್ಗನೆ ನೀಲಿಯಾಗಿತ್ತು. ಅದೇ ನೀಲಿ. ಏಪ್ರಿಲ್ ತಿಂಗಳಲ್ಲಿ ಓಣಿ ಓಣಿಗೆ ಹಾರುವ ಬಾವುಟದ ನೀಲಿ.

"ಮಸ್ತ್ ಅದ ಮೇಡಮ್!" ಅಜೀಮುದ್ದೀನ್ ಹುರುಪಾದ. "ಈ ಸಲ ಜಯಂತಿ ಕಮಾನಿಗಿ ಇದೇ ಹಚ್ಚಿದ್ದೆ ನೋಡ್ರಿ. ಖರೇ ಹೇಳ್ರಿ, ಜೈನರಿಗಿ ಜೈಭೀಮ್ ಬಣ್ಣದ ಹುಚ್ಚು ಯಾಕ ಹಿಡೀತು?"

"ಬಣ್ಣಕ್ಕ ಜಾತಿ ಅದ ಏನು ಭಾಯಿ?"

"ಬಣ್ಣಕ್ಕ ಇಲ್ರಿ. ಹಚ್ಚಿಸೋರಿಗಿ ಅದ." ಅವನು ತಾನೇ ನಕ್ಕ. "ಫಿಕರ್ ಮಾಡಬ್ಯಾಡ್ರಿ. ಹಸಿ ಇದ್ದಾಗ ಹಿಂಗೇ. ಒಣಗಿದ್ರ ಕಪ್ಪ ಆಗ್ತದ."

ಫೋನು ಬಂತು. ಮೋರಖಂಡಿಯಿಂದ ತಾಯಿ ಸೋನುಬಾಯಿ. ಕಿವಿ ಮಂದವಾದ್ದರಿಂದ ಅವಳ ಮಾತು ಯಾವಾಗಲೂ ಊರಿಗೆಲ್ಲ ಕೇಳುವಷ್ಟು ಜೋರು.

"ಯಾವ ಬಣ್ಣ ಹಚ್ಚಾಕತ್ತೀ?"

"ಅದಾ... ಒಂದು ಡಾರ್ಕ್."

"ಡಾರ್ಕ್ ಅಂದ್ರ?"

"ನೀಲಿ," ಅಂದಳು ಮನೀಷಾ, ಆದಷ್ಟು ಸಣ್ಣ ದನಿಯಲ್ಲಿ.

"ನೀಲಿ! ನನ್ನ ಬಂಗಾರ! ಈಗ ಬುದ್ಧಿ ಬಂತು ನೋಡು. ಬಾಬಾಸಾಹೇಬರ ಫೋಟೊ ಕಟ್ಟು ಹಾಕಿಸಿ ತರ್ತೀನಿ. ಮಕ್ಕೊಳ್ಳು ಖೋಲಿ ಬ್ಯಾಡ, ಮುಂದಿನ ಖೋಲಿಗೇ ಹಚ್ಚಿಸಬೇಕಿತ್ತು, ಬಂದವರು ನೋಡ್ತಿದ್ರು!"

"ಯವ್ವಾ, ಹಳೂಕ ಮಾತಾಡು."

"ಯಾಕ? ಯಾರ್ ಅದಾರ ಅಲ್ಲಿ?"

"ಯಾರಿಲ್ಲ."

"ಆತು ಬಿಡು," ಎಂದು ತಾಯಿ ಅಂದಳು. ದನಿ ಒಮ್ಮೆಲೇ ಸಣ್ಣದಾಗಿತ್ತು. "ಆಮ್ಯಾಲ ಮಾತಾಡ್ತೀನಿ."

ತಾಯಿಗೆ ಸಂತೋಷ. ಪೇಂಟರನಿಗೆ ತಮಾಷೆ. ತನಗೆ? ಅವಳಿಗೆ ಬೇಕಾಗಿದ್ದದ್ದು ಕೇವಲ ಒಂದು ಬಣ್ಣ, ಹಿಂದೆ ಮುಂದೆ ಯಾರೂ ನಿಲ್ಲದ ಬಣ್ಣ. ಕಡುಹಸಿರು ತಂದಿದ್ದರೆ? ಅದಕ್ಕೂ ಒಂದು ಓಣಿ ಇತ್ತು. ಕಾವಿ? ಅದಕ್ಕಂತೂ ಮೆರವಣಿಗೆಯೇ ಇತ್ತು. ಅವಳಿಗೆ ಒಳಗೊಳಗೆ ನಗು ಬಂತು, ಹಾಗೆಯೇ ನಿಂತಿತು.

"ಭಾಯಿ, ಕರಿ ಅದ ಏನು ನಿಮ್ಮ ಹತ್ರ?"

"ಬಣ್ಣದಾಗ ಬೆರಸೋ ಕರಿ ಸ್ಟೇನರ್ ಬಾಟ್ಲಿ ಅದ. ಯಾಕ್ರಿ?"

"ಹಾಕ್ರಿ ಅದರಾಗ."

"ಒಣಗಾಕ ಬಿಡ್ರಿ ಮೇಡಮ್, ತಾನೇ ಆಗ್ತದ ಅಂದೆನಲ್ರಿ."

"ಈಗೇ ಹಾಕ್ರಿ."

ಅವನು ಹನಿ ಹನಿಯಾಗಿ ಹಾಕಿ ಕೋಲಿನಿಂದ ತಿರುವಿದ. "ಇನ್ನಷ್ಟು," ಅಂದಳು. "ಇನ್ನಷ್ಟು." ಅವನು ಅವಳ ಮುಖ ನೋಡಿದ. ಮತ್ತೆ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಒಂದು ಉಪಕಾರವೆಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಎರಡನೆಯ ಸಲ ಬಳಿದಾಗ ಕೋಣೆ ಕತ್ತಲಲ್ಲಿ ಮುಳುಗಿತು. ಒಂದೊಂದೇ ಗೋಡೆ ಹಿಂದಕ್ಕೆ ಸರಿದು ಇಲ್ಲವಾದಂತೆ ಕಂಡಿತು. ಮೂಲೆಗಳು ಅಳಿಸಿಹೋದವು. ಮನೀಷಾಳ ಉತ್ಸಾಹ ಮರಳಿ ಉಕ್ಕಿತು. ಬಿಳಿ ಚಾದರ ತಂದಳು, ಮಂಚದ ಮೇಲೆ ಹರಡಿದಳು, ತೆಗೆದಳು, ಮತ್ತೆ ಹರಡಿದಳು. ದೀಪ ಹಚ್ಚಿದಳು. ಮೊಬೈಲಿನ ಚಿತ್ರಗಳಿಗಿಂತ ಚಂದ! ಇಂಥ ಕೋಣೆ ಇಡೀ ಕಲ್ಯಾಣದಲ್ಲಿ ಇನ್ನೊಂದಿಲ್ಲ. ಅಜೀಮುದ್ದೀನ್ ಬ್ರಶ್ಶು ತೊಳೆದುಕೊಂಡು, "ಬಾಗಲ ಕಡೆ ಗ್ವಾಡಿ ಹಸಿ ಅದ, ಜರಾ ನೋಡ್ಕೊಳ್ರಿ," ಎಂದು ಹೋದ. ಅವಳು ಕೇಳಿಸಿಕೊಳ್ಳಲಿಲ್ಲ. ಕೋಣೆಯ ನಡುವೆ ನಿಂತು ಮಗುವಿನಂತೆ ಒಂದು ಸುತ್ತು ತಿರುಗಿದಳು.

"ಯವ್ವಾ! ಹಗಲಾಗ ರಾತ್ರಿ ಮಾಡೀಯಲ್ಲೇ!"

ಲಲಿತಾಬಾಯಿ ಹೊಸ್ತಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಸಂಜೆ ಅಕ್ಕನ ಬಳಗದ ವಚನ ಪ್ರಾರ್ಥನೆಗೆ ಹೊರಟಿದ್ದರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಹಣೆಗೆ ವಿಭೂತಿ.

"ಬರ್ರಿ ಕಾಕು, ಒಳಗ ಬರ್ರಿ."

ಅವರು ಒಳಗೆ ಬಂದು ಮೆಲ್ಲಗೆ ಸುತ್ತ ನೋಡಿದರು. ಚಾದರದ ಸುಕ್ಕೊಂದನ್ನು ಕೈಯಿಂದ ತೀಡಿದರು. "ಛಂದ ಅದವ್ವಾ. ತಣ್ಣಗ ಅನಸ್ತದ. ನಿಮ್ಮ ಬಸದಿಯೊಳಗ ಹಿಂಗೇ ಇರ್ತದೇನು?"

ಬಾಯಿಗೆ ಬಂತು. ಇಡೀ ವಾಕ್ಯವೇ ನಾಲಿಗೆಯ ಮೇಲೆ ಬಂದು ನಿಂತಿತು. ಇಂದು, ಈ ಕೋಣೆಯಲ್ಲಿ, ಈ ಸಂತೋಷದ ಭರದಲ್ಲಿ ಹೇಳಿಬಿಟ್ಟರೆ? ಕತ್ತಲಲ್ಲಿ ಎದುರಿನವರ ಮುಖ ಬದಲಾಗುವುದೂ ಕಾಣುವುದಿಲ್ಲ.

"ಕಾಕು, ಒಂದ್ ಮಾತು..."

"ಹೇಳವ್ವಾ."

ಲಲಿತಾಬಾಯಿ ಕಾದರು. ಅವರ ಕೈ ಅವಳ ಮೊಣಕೈಯನ್ನು ಹಿಡಿದಿತ್ತು. ಬೆಚ್ಚಗಿತ್ತು.

"ಏನಿಲ್ಲ. ಬಣ್ಣ ಖರೇನೇ ಛಂದ ಅದ ಏನು ಅಂತ."

"ಖರೇನೇ. ಏನಂತಾರ ಈ ಬಣ್ಣಕ್ಕ?"

"ಕರಿ," ಅಂದಳು ಮನೀಷಾ.

"ಕರಿ ಛಲೋ. ದೃಷ್ಟಿ ಆಗಂಗಿಲ್ಲ." ಅವರು ಅವಳ ಕೆನ್ನೆ ಸವರಿ ಬೆರಳು ನೆಟಿಗೆ ಮುರಿದರು. "ಹೊತ್ತಾತು, ಬರ್ತೀನಿ. ಬಳಗದಾಗ ಎಲ್ಲರಿಗೂ ಹೇಳ್ತೀನಿ, ಬಂದು ನೋಡ್ಲಿ."

ಮೊಣಕಾಲಿಗೆ ಆಸರೆಯಾಗಿ ಬಾಗಿಲ ಬದಿಯ ಗೋಡೆಗೆ ಬೆನ್ನು ಕೊಟ್ಟು, ಅವರು ನಿಧಾನವಾಗಿ ಹೊಸ್ತಿಲು ದಾಟಿದರು. ಮೆಟ್ಟಿಲಿಳಿದು ಅಂಗಳದ ಬೆಳಕಿಗೆ ಬಂದರು.

ಮನೀಷಾ ಮೇಲಿನಿಂದ ನೋಡಿದಳು. ಬಿಳಿ ಸೀರೆಯ ಬೆನ್ನಿನ ತುಂಬ, ಭುಜದಿಂದ ಸೊಂಟದವರೆಗೆ, ಒಂದು ದೊಡ್ಡ ಗುರುತು. ಗೋಡೆಯ ಮೇಲೆ ಕಪ್ಪಾಗಿದ್ದುದು ಆ ಸೀರೆಯ ಮೇಲೆ ತೆಳ್ಳಗೆ ಹರಡಿ, ಇಳಿಬಿಸಿಲಲ್ಲಿ, ಅಪ್ಪಟ ನೀಲಿಯಾಗಿ ಉರಿಯುತ್ತಿತ್ತು.

"ಕಾ..." ಎಂದಳು. ಉಳಿದದ್ದು ಬರಲಿಲ್ಲ.

ಲಲಿತಾಬಾಯಿ ಗೇಟು ತೆರೆದರು. ಓಣಿಯಲ್ಲಿ ಬಿಳಿ ಸೀರೆಯ ಹೆಂಗಸರು ಅವರಿಗಾಗಿ ಕಾಯುತ್ತಿದ್ದರು. ಅವರು ಆ ನೀಲಿ ಬೆನ್ನು ಹೊತ್ತುಕೊಂಡು, ನಗುತ್ತ, ಆ ಹೆಂಗಸರ ನಡುವೆ ನಡೆದರು.